ಕನ್ನಡಕದ ಕೆಂಪು ಚುಕ್ಕೆ

“ಕಣ್ಣು ಇಷ್ಟಗಲ ಕಾಣ್ತಿತ್ತು ಮೇಡಂ,” ಎಂದು ಬೋಗಿಯ ಅಟೆಂಡರ್, ಮಡಚಿದ ಹೊದಿಕೆಗಳನ್ನು ಕಂಕುಳಲ್ಲಿ ಅವುಚಿಕೊಂಡೇ ಬೆರಳುಗಳಿಂದ ಎರಡು ದೊಡ್ಡ ಸೊನ್ನೆ ಮಾಡಿ ತೋರಿಸಿದ. “ಇಳಿಯೋವಾಗ ಒಂದೇ ಸಲ ನನ್ನ ಕಡೆ ತಿರುಗಿ ನೋಡಿದ್ದು. ಗೂಬೆ ನೋಡಿದ ಹಾಗಾಯ್ತು. ನಿಮ್ಮಕ್ಕ ಅಂತೀರಿ, ತಪ್ಪು ತಿಳ್ಕೋಬೇಡಿ.”

ತಪ್ಪು ತಿಳಿದುಕೊಳ್ಳುವಷ್ಟು ಪುರಸೊತ್ತು ಪುಟ್ಟಿಗೆ ಇರಲಿಲ್ಲ. ಬಾಗಿಲ ಪಕ್ಕದ ಇಕ್ಕಟ್ಟಿನಲ್ಲಿ ವಾಶ್‌ಬೇಸಿನ್ನಿನ ಅಂಚು ಹಿಡಿದು ನಿಂತಿದ್ದವಳ ತಲೆ ರೈಲಿಗಿಂತ ಜೋರಾಗಿ ಓಡತೊಡಗಿತ್ತು.

ಹೋದ ತಿಂಗಳು ಅವಳ ಅಕ್ಕ ಇದೇ ರೈಲಿನ ಇದೇ ಬೋಗಿಯಲ್ಲಿ ಒಬ್ಬಳೇ ದೇಶದ ಈ ತುದಿಯಿಂದ ಆ ತುದಿಗೆ ಹೊರಟು, ಕೊನೆಯ ಸ್ಟೇಷನ್ನಿನಲ್ಲಿ ಇಳಿದು, ಅಲ್ಲಿಂದ ಕಾಣೆಯಾಗಿದ್ದಳು. ಇಳಿದದ್ದನ್ನು ಕಂಡವರಿದ್ದರು. ಬೂದು ಶಾಲು, ಕನ್ನಡಕ, ಕೈಯಲ್ಲಿ ಹಸಿರು ಚೀಲ, ಎಲ್ಲವೂ ತಾಳೆಯಾಗಿತ್ತು. ವಯಸ್ಸಿಗೆ ಬಂದ ಹೆಂಗಸು, ತನ್ನ ಪಾಡಿಗೆ ಎಲ್ಲಿಗೋ ಹೋಗಿರಬೇಕು ಎಂದು ಪೊಲೀಸರು ಕೈ ತೊಳೆದುಕೊಂಡಿದ್ದರು.

ಪುಟ್ಟಿ ಕೈ ತೊಳೆದುಕೊಳ್ಳುವ ಪೈಕಿ ಅಲ್ಲ. ಪುಟ್ಟಿ ಎಂದರೆ ಚಿಕ್ಕ ಹುಡುಗಿಯೂ ಅಲ್ಲ, ನಲವತ್ತು ದಾಟಿದ, ಕನ್ನಡಕದ ಅಂಗಡಿಯ ಗಲ್ಲಾ ಮೇಲೆ ಕೂರುವ ಹೆಂಗಸು. ಮನೆಗೆ ಕೊನೆಯವಳಾಗಿ ಹುಟ್ಟಿದ ತಪ್ಪಿಗೆ ಆ ಹೆಸರು ಇನ್ನೂ ಬೆನ್ನು ಬಿಟ್ಟಿಲ್ಲ. ಜನ್ಮದಲ್ಲಿ ಒಂಟಿಯಾಗಿ ಪಕ್ಕದೂರಿಗೂ ಹೋಗದವಳು, ಅಕ್ಕ ಕೂತ ಸೀಟೇ ಬೇಕೆಂದು ಹಟ ಹಿಡಿದು ಟಿಕೆಟ್ ಮಾಡಿಸಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಇಷ್ಟು ದೂರ ಬಂದಿದ್ದಳು. ಅಕ್ಕ ಕಂಡ ಕಿಟಕಿ, ಅಕ್ಕ ಕುಡಿದ ಟೀ, ಅಕ್ಕನ ಜೊತೆ ಮಾತಾಡಿದವರು, ಇವೆಲ್ಲ ತನಗೂ ಸಿಗಬೇಕು ಎಂಬುದಷ್ಟೇ ಅವಳ ಲೆಕ್ಕಾಚಾರವಾಗಿತ್ತು.

“ಒಂದು ನಿಮಿಷ ಇರಿ,” ಎಂದು ಅವಳು ಚೀಲದಿಂದ ಅಕ್ಕನ ಹಳೆಯ ಕನ್ನಡಕ ತೆಗೆದು ಹಾಕಿಕೊಂಡಳು. ಅಕ್ಕನದು ದೂರದ್ದು ಕಾಣದ ಕಣ್ಣು. ದಪ್ಪ ಗಾಜು ತಗುಲಿದ್ದೇ ಎದುರಿನ ಅಟೆಂಡರ್ ಮಸಕು ಮಸಕಾದ. “ಹೀಗಿತ್ತಾ?”

ಅವನು ಬಗ್ಗಿ ನೋಡಿದ. “ಇಲ್ಲ ಇಲ್ಲ. ಇದರಲ್ಲಿ ನಿಮ್ಮ ಕಣ್ಣು ಇದ್ದದ್ದಕ್ಕಿಂತ ಚಿಕ್ಕದಾಗಿ ಕಾಣ್ತಿದೆ.”

ಪುಟ್ಟಿ ಅದನ್ನು ತೆಗೆದು, ಅಂಗಡಿಯಲ್ಲಿ ಸಣ್ಣ ಅಕ್ಷರ ಓದಲು ಬಳಸುವ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದಳು. ಅಟೆಂಡರ್ ಒಂದು ಹೆಜ್ಜೆ ಹಿಂದೆ ಸರಿದ.

“ಇದೇ, ಇದೇ. ಹಿಂಗೇ ಇತ್ತು.”

ಅಕ್ಕನ ಕನ್ನಡಕದ ಹಿಂದೆ ಕಣ್ಣು ದೊಡ್ಡದಾಗಿ ಕಾಣಲು ಸಾಧ್ಯವೇ ಇಲ್ಲ. ಎಷ್ಟು ಅರಳಿಸಿದರೂ ಅಕ್ಕನ ಕಣ್ಣು ಆ ಗಾಜಿನ ಹಿಂದೆ ಹುಣಿಸೆ ಬೀಜದಷ್ಟೇ ಕಾಣುತ್ತಿತ್ತು. ಅದಕ್ಕೇ ಚಿಕ್ಕಂದಿನಲ್ಲಿ ಪುಟ್ಟಿ ಅವಳನ್ನು ರೇಗಿಸಿ ಬೆನ್ನಿಗೆ ಗುದ್ದು ತಿಂದದ್ದೂ ಉಂಟು. ಹಾಗಾದರೆ ಕೊನೆಯ ಸ್ಟೇಷನ್ನಿನಲ್ಲಿ ಬೂದು ಶಾಲು ಹೊದ್ದು ಇಳಿದ ಹೆಂಗಸು ಅಕ್ಕನೇ ಅಲ್ಲ.

ಅವಳು ಅಟೆಂಡರನನ್ನು ಬಿಡದೆ ಕೆದಕಿದಳು. ಆ ಹೆಂಗಸು ಬೆಳಗಿನಿಂದಲೂ ಅದೇ ಸೀಟಿನಲ್ಲಿದ್ದಳೇ? ಇದ್ದಳಂತೆ, ತಲೆತುಂಬ ಶಾಲು ಎಳೆದು ಗೋಡೆ ಕಡೆ ತಿರುಗಿ ಮಲಗಿದ್ದಳಂತೆ. ಅದಕ್ಕೂ ಹಿಂದಿನ ದಿನ? ಅದು ತನಗೆ ಗೊತ್ತಿಲ್ಲ ಎಂದ. ದೊಡ್ಡ ಜಂಕ್ಷನ್ನಿನಲ್ಲಿ ಅಟೆಂಡರುಗಳು ಬದಲಾಗುತ್ತಾರೆ. ಅಲ್ಲಿಯವರೆಗೆ ಬಂದವನು ಇಳಿದು ಮನೆಗೆ ಹೋಗುತ್ತಾನೆ, ಅಲ್ಲಿಂದ ಇವನು ಹತ್ತುತ್ತಾನೆ. ಸೀಟಿನಲ್ಲಿ ಯಾರು ಮಲಗಿದ್ದಾರೋ ಅವರೇ ಮೊದಲಿನಿಂದ ಬಂದವರು ಎಂದು ಇವನು ನಂಬಬೇಕು, ಇನ್ನೇನು ಮಾಡಿಯಾನು.

ಎಲ್ಲರೂ ಇವನನ್ನು ಕೇಳಿದ್ದು ಒಂದೇ ಪ್ರಶ್ನೆ, ಆ ಸೀಟಿನ ಹೆಂಗಸು ಇಳಿದಳೇ ಎಂದು. ಇಳಿದಳು ಎಂದು ಇವನು ನಿಜವನ್ನೇ ಹೇಳಿದ್ದ. ಹತ್ತಿದವಳೂ ಇಳಿದವಳೂ ಒಬ್ಬಳೇ ಹೌದೇ ಎಂದು ಕೇಳಲು ಯಾರಿಗೂ ಹೊಳೆದಿರಲಿಲ್ಲ. ಇಷ್ಟು ದಿನ ಊರೆಲ್ಲ ಸೇರಿ ಅಕ್ಕ ಕಾಲೇ ಇಡದ ಊರಿನಲ್ಲಿ ಅವಳನ್ನು ಹುಡುಕಿತ್ತು.

ಪುಟ್ಟಿಗೆ ಅಳು ಬರುವಷ್ಟು ಖುಷಿಯಾಯಿತು. ಆ ಖುಷಿಯಲ್ಲಿ ಅವಳು ಪ್ರತಿ ಸ್ಟೇಷನ್ನಿನಲ್ಲೂ ಮಾಡುತ್ತ ಬಂದ ಕೆಲಸವನ್ನೇ ಮಾಡಿದಳು. ಸೋದರಮಾವನಿಗೆ ಫೋನ್ ಹಚ್ಚಿದಳು.

ಮಾವ ಎಂದರೆ ಪುಟ್ಟಿಗೆ ಅಪ್ಪನೂ ಹೌದು, ಅಮ್ಮನೂ ಹೌದು. ಅವಳು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅಪ್ಪ, ಗಾಜು ತರಲು ಇದೇ ದೂರದ ರೈಲು ಹತ್ತುತ್ತೇನೆ ಎಂದು ಹೋದವನು ತಿರುಗಿ ಬರಲಿಲ್ಲ. ಆ ತುದಿಯಲ್ಲಿ ಬೇರೆ ಸಂಸಾರ ಹೂಡಿದ್ದಾನೆ ಎಂಬ ಸುದ್ದಿ ತಂದವನು ಮಾವ. ಆ ಕೊರಗಿನಲ್ಲೇ ಅಮ್ಮ ತೀರಿಕೊಂಡ ಮೇಲೆ ಅಂಗಡಿಯನ್ನೂ ಇಬ್ಬರು ಹುಡುಗಿಯರನ್ನೂ ಹೆಗಲಿಗೆ ಹಾಕಿಕೊಂಡವನೂ ಅವನೇ. ಅಕ್ಕ ಹೊಸ ಮೆಶಿನ್ ನೋಡಲೆಂದು ಹೊರಟಾಗ, ತಾನೇ ಎದುರುಗೊಳ್ಳುತ್ತೇನೆಂದು ವಿಮಾನದಲ್ಲಿ ಮುಂಚಿತವಾಗಿ ಹೋಗಿ ಸ್ಟೇಷನ್ನಿನ ಗೇಟಿನಲ್ಲಿ ಕಾದಿದ್ದನಂತೆ. ಜನಜಂಗುಳಿಯಲ್ಲಿ ಬೂದು ಶಾಲಿನ ಬೆನ್ನು ಕಂಡು ಹಿಂದೆ ಓಡಿದ್ದನಂತೆ. ಅಷ್ಟರಲ್ಲಿ ಮಾಯ. ಅಂದಿನಿಂದ ಅಲ್ಲೇ ಸ್ಟೇಷನ್ ಎದುರಿನ ಲಾಡ್ಜಿನಲ್ಲಿ ಕೂತು ಊರೆಲ್ಲ ಜಾಲಾಡುತ್ತಿದ್ದಾನೆ, ಪಾಪ, ಈ ವಯಸ್ಸಿನಲ್ಲಿ.

ಪುಟ್ಟಿ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಗೂಬೆ ಕಣ್ಣು, ಭೂತಗನ್ನಡಿ, ಅಟೆಂಡರ್ ಬದಲಾಗುವ ಜಂಕ್ಷನ್, ಒಂದನ್ನೂ ಬಿಡಲಿಲ್ಲ.



“ಜಂಕ್ಷನ್ನಾ,” ಎಂದ ಮಾವ. “ಯಾರೇ ಅವಳು, ಶಾಲು ಹೊದ್ದುಕೊಂಡವಳು? ಮುಖ ಕಂಡಿದೀಯಾ?”

ಕಂಡಿಲ್ಲ ಎಂದಳು. ಜಾಣೆ, ಯಾರ ಹತ್ತಿರವೂ ಬಾಯಿ ಬಿಡಬೇಡ, ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಬೆಂಚಿನ ಮೇಲೆ ಕೂತಿರು, ನಾನು ಹೇಗಾದರೂ ಬಂದು ಸೇರಿಕೊಳ್ಳುತ್ತೇನೆ ಎಂದು ಮಾವ ಸಮಾಧಾನವಾಗಿ ಹೇಳಿದ. ಅಷ್ಟರಲ್ಲಿ ಸಿಗ್ನಲ್ ಹೋಯಿತು.

ಸೀಟಿಗೆ ಮರಳುವಾಗ ಪುಟ್ಟಿಗೆ ಎಲ್ಲೋ ಸಣ್ಣದಾಗಿ ಚುಚ್ಚಿತು. ಹಾಗಾದರೆ ಅಕ್ಕ ಎಲ್ಲಿದ್ದಾಳೆ ಎಂದು ಮಾವ ಕೇಳಲೇ ಇಲ್ಲವಲ್ಲ. ಗಾಬರಿಯಲ್ಲಿ ಮರೆತಿರಬೇಕು ಎಂದುಕೊಂಡು ಪರದೆ ಸರಿಸಿದಳು.

ಎದುರು ಸೀಟಿನಲ್ಲಿ ಹೆಣಿಗೆಯಮ್ಮ ಎಂದಿನಂತೆ ಹೆಣೆಯುತ್ತ ಕೂತಿದ್ದಳು.

ಹೆಸರು ಕೇಳುವ ಮೊದಲೇ ಪುಟ್ಟಿ ಇಟ್ಟ ಹೆಸರು ಅದು. ಅಕ್ಕನಿಗಿಂತ ನಾಲ್ಕಾರು ವರ್ಷಕ್ಕೆ ದೊಡ್ಡವಳಿರಬಹುದು. ಬೆಳಿಗ್ಗೆ ಜಂಕ್ಷನ್ನಿನಲ್ಲಿ ಹತ್ತಿ, ಪುಟ್ಟಿಯ ಎದುರಿಗಿದ್ದ ಕಾಲೇಜು ಹುಡುಗನಿಗೆ ಆಚೆ ಬದಿಯ ತನ್ನ ಕಿಟಕಿ ಸೀಟು ಬಿಟ್ಟುಕೊಟ್ಟು, ಕಿಟಕಿಯಿಲ್ಲದ ಈ ಮೂಲೆಯನ್ನು ಬೇಡಿ ಪಡೆದಿದ್ದಳು. ಕಿಟಕಿ ಬಿಟ್ಟು ಮೂಲೆ ಕೇಳುವವರನ್ನು ಪುಟ್ಟಿ ಎಲ್ಲೂ ಕಂಡಿರಲಿಲ್ಲ. ಅಟೆಂಡರ್ ಕೂಡ ಹೊದಿಕೆ ಕೊಡುವಾಗ ತಲೆ ಕೆರೆದುಕೊಂಡು, ಇವರನ್ನ ಎಲ್ಲೋ ನೋಡಿದ ಹಾಗಿದೆ ಎಂದು ಗೊಣಗಿಕೊಂಡು ಹೋಗಿದ್ದ. ಆಮೇಲೆ ಆಕೆ ಪುಟ್ಟಿಗೆ ಅರ್ಧ ಸೇಬು ಕೊಟ್ಟಿದ್ದಳು, ಶೌಚಾಲಯಕ್ಕೆ ಹೋದಾಗಲೆಲ್ಲ ಚೀಲ ನೋಡಿಕೊಂಡಿದ್ದಳು. ಒಂಟಿ ಪ್ರಯಾಣದಲ್ಲಿ ಚೀಲ ನೋಡಿಕೊಳ್ಳುವವರೇ ನೆಂಟರು.

ಸೂಜಿಗಳ ಮೇಲಿಂದ ಆಕೆ ತಲೆಯೆತ್ತಿ ಪುಟ್ಟಿಯನ್ನು ನೋಡಿದಳು. ದಪ್ಪ ಗಾಜಿನ ಹಿಂದೆ ಎರಡು ಕಣ್ಣು, ಇಷ್ಟಗಲ.

 ಬೆಳಗಿನಿಂದ ಮೂಗಿನ ಎದುರೇ ಇದ್ದದ್ದು ಕಾಣದೆ ಹೋಯಿತಲ್ಲ, ಕನ್ನಡಕದ ಅಂಗಡಿಯವಳಂತೆ ತಾನು. ಆದರೆ ಅಂಗಡಿಯಲ್ಲಿ ಕಲಿತ ಒಂದು ಗುಣ ಅವಳ ಕೈ ಹಿಡಿಯಿತು. ಗಿರಾಕಿ ಎದುರಿಗೆ ಮುಖದ ಮೇಲೆ ಏನನ್ನೂ ತೋರಿಸಬಾರದು.

“ನಿಮ್ಮ ಕನ್ನಡಕ ಎಡಗಡೆ ವಾಲಿದೆ,” ಎಂದಳು. “ಕೊಡಿ, ಸರಿ ಮಾಡ್ತೀನಿ. ನನ್ನ ಕೆಲಸವೇ ಅದು.”

ಹೆಣಿಗೆಯಮ್ಮ ಬೇಡ ಎನ್ನಲಿಲ್ಲ, ಯಾಕೆ ಎನ್ನಲೂ ಇಲ್ಲ. ಈ ಮಾತಿಗಾಗಿಯೇ ಕಾದಿದ್ದವಳ ಹಾಗೆ ಕನ್ನಡಕ ತೆಗೆದು ಪುಟ್ಟಿಯ ಅಂಗೈಯಲ್ಲಿಟ್ಟಳು.

ಪುಟ್ಟಿ ಅದನ್ನು ಬೆಳಕಿಗೆ ಹಿಡಿದಳು. ಫ್ರೇಮು ಕಡ್ಡಿಗೆ ಸೇರುವ ಜಾಗದಲ್ಲಿ ಪುಟಾಣಿ ಸ್ಕ್ರೂ. ಅದರ ತಲೆಯ ಮೇಲೆ ಒಂದು ಹನಿ ಕೆಂಪು.

ನೇಲ್ ಪಾಲಿಶ್.

ಸ್ಕ್ರೂ ಸಡಿಲವಾಗಿ ಕಳಚದಿರಲೆಂದು ಬೇರೆ ಅಂಗಡಿಯವರೂ ಹಚ್ಚುತ್ತಾರೆ, ಆದರೆ ಬಣ್ಣವಿಲ್ಲದ್ದು. ಕೆಂಪು ಹಚ್ಚುತ್ತಿದ್ದವನು ಅಪ್ಪ. ಅಮ್ಮನ ಹತ್ತಿರ ಇದ್ದದ್ದು ಅದೊಂದೇ ಸೀಸೆ, ಅವನು ಕದ್ದು ಹಚ್ಚುತ್ತಿದ್ದ, ಅವಳು ಬೈಯುತ್ತಿದ್ದಳು. ಅಪ್ಪ ಹೋದ ಮೇಲೆ ಅಕ್ಕ ಅದನ್ನು ಮುಂದುವರಿಸಿದಳು. ನೋಡಲು ಅಸಹ್ಯ, ಗಿರಾಕಿಗಳು ನಗುತ್ತಾರೆ ಎಂದು ಮಾವ ಎಷ್ಟು ಸಲ ರೇಗಿದರೂ ಬಿಟ್ಟಿರಲಿಲ್ಲ.

“ಇದನ್ನ ರಿಪೇರಿ ಮಾಡಿದವರು ಯಾರು?” ಪುಟ್ಟಿಯ ದನಿ ಅವಳಿಗೇ ಪರಕೀಯವಾಗಿ ಕೇಳಿತು.

“ನಿಮ್ಮಕ್ಕ.”

“ಎಲ್ಲಿದಾಳೆ ಅವಳು? ಬದುಕಿದಾಳಾ?”

“ಬದುಕಿದಾಳಮ್ಮ. ಮೆತ್ತಗೆ ಮಾತಾಡು.” ಹೆಣಿಗೆಯಮ್ಮ ಪರದೆಯನ್ನು ಪೂರ್ತಿ ಎಳೆದಳು. ಕನ್ನಡಕವಿಲ್ಲದ ಅವಳ ಮುಖ ನಿದ್ದೆಯಿಂದ ಎದ್ದವರ ಮುಖದಂತೆ ಮೆದುವಾಗಿತ್ತು. “ಕನ್ನಡಕದ ಕಡ್ಡಿ ಹೇಗೆ ಕೂತಿದೆ ಅಂತ ಜನರ ಮುಖಕ್ಕಿಂತ ಮುಂಚೆ ಕಿವಿ ನೋಡೋಳು ಒಬ್ಬಳು ಬರ್ತಾಳೆ ಅಂದಿದ್ಲು. ನೀನು ಬೆಳಿಗ್ಗೆ ನೋಡಿದ್ದು ನನ್ನ ಕಿವೀನೇ. ಆಗಲೇ ಗುರುತು ಸಿಕ್ಕಿತು.”

ಹಾಗಾದರೆ ಇಷ್ಟು ಹೊತ್ತು ಯಾಕೆ ಬಾಯಿ ಬಿಡಲಿಲ್ಲ ಎಂದು ಪುಟ್ಟಿಗೆ ಮೈಯೆಲ್ಲ ಉರಿಯಿತು. ಹೆಣಿಗೆಯಮ್ಮ ಅವಳ ಮೊಣಕಾಲಿನ ಮೇಲೆ ಕೈಯಿಟ್ಟು, ನೀನು ನಿಜವಾಗಿ ಒಬ್ಬಳೇ ಬಂದಿದ್ದೀಯೋ ಯಾರನ್ನಾದರೂ ಬೆನ್ನಿಗೆ ಕಟ್ಟಿಕೊಂಡು ಬಂದಿದ್ದೀಯೋ ನೋಡಬೇಕಿತ್ತು ಎಂದು ನಿಧಾನವಾಗಿ ಕಥೆ ಬಿಚ್ಚಿದಳು.

ಅವಳ ಮನೆ ಜಂಕ್ಷನ್ನಿನ ಹತ್ತಿರ. ಹೆಣೆದ ಸ್ವೆಟರುಗಳನ್ನು ಎರಡೂ ಕಡೆಯ ಊರುಗಳಿಗೆ ಒಯ್ದು ಕೊಡುವುದು ಜೀವನ. ಆ ಸಲ ಮನೆಗೆ ಮರಳುವಾಗ ರೈಲಿನಲ್ಲಿ ಕನ್ನಡಕದ ಕಡ್ಡಿ ಕಳಚಿತು. ಎದುರಿಗೆ ಕೂತಿದ್ದ ಅಕ್ಕ, ಚೀಲದಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಸರಿಮಾಡಿ ಕೆಂಪು ಹಚ್ಚಿಕೊಟ್ಟಳು. ಹಚ್ಚುವಾಗ ಎರಡೆರಡು ಸಲ ಬಾಗಿಲ ಕಡೆ ತಿರುಗಿ ನೋಡಿದಳು. ಯಾಕಮ್ಮ ಎಂದು ಕೇಳಿದ್ದೇ ಅಳತೊಡಗಿದಳು. ಕೊನೆಯ ಸ್ಟೇಷನ್ನಿನಲ್ಲಿ ಒಬ್ಬರು ಕಾಯುತ್ತಿದ್ದಾರೆ, ಅವರ ಕೈಗೆ ತಾನು ಸಿಗಬಾರದು, ಆದರೆ ತಾನು ಇಳಿದೆ ಎಂದು ಅವರು ನಂಬಬೇಕು ಎಂದಳು.

“ನನ್ನ ಮನೆ ಕೀಲಿ ಅವಳಿಗೆ ಕೊಟ್ಟೆ. ಅವಳ ಶಾಲು ನಾನು ಹೊದ್ದುಕೊಂಡೆ. ಅಷ್ಟೇ ನಡೆದದ್ದು.”

“ಮುಖ ಪರಿಚಯ ಇಲ್ಲದವಳಿಗೆ ಮನೆ ಕೀಲಿ ಕೊಟ್ರಾ?”

“ಕೊಟ್ಟೆ. ಅಳೋರನ್ನ ಕಂಡ್ರೆ ನನಗೆ ಯೋಚನೆ ಮಾಡೋಕೆ ಬರಲ್ಲ.” ಹೆಣಿಗೆಯಮ್ಮ ಸ್ವಲ್ಪ ನಕ್ಕಳು. “ಕನ್ನಡಕ ಮಾತ್ರ ಅದಲು ಬದಲು ಮಾಡೋಕಾಗಲಿಲ್ಲ. ಅವಳದ್ದು ಹಾಕ್ಕೊಂಡ್ರೆ ನಾನು ಮೆಟ್ಟಿಲಲ್ಲೇ ಬೀಳ್ತಿದ್ದೆ. ಪರವಾಗಿಲ್ಲ, ಇದನ್ನ ಕಂಡುಹಿಡಿಯೋಳು ಪುಟ್ಟಿ ಒಬ್ಬಳೇ ಅಂದ್ಲು. ಅವತ್ತಿಂದ ಈ ಗಾಡಿ ಬಂದಾಗಲೆಲ್ಲ ಹತ್ತಿ, ಆ ಸೀಟಲ್ಲಿ ಯಾರು ಕೂತಿದಾರೆ ಅಂತ ನೋಡ್ತಿದೀನಿ.”

 ಅಕ್ಕ ತನ್ನನ್ನು ನಂಬಿದ್ದಳು, ತನಗಾಗಿ ಒಂದು ಗುರುತು ಬಿಟ್ಟು ಹೋಗಿದ್ದಳು. ಆದರೂ ಒಂದು ಮಾತು ಹೇಳದೆ ಹೋದಳಲ್ಲ ಎಂಬ ನೋವು ಅದರ ಬೆನ್ನಿಗೇ ಬಂತು.

“ಕಾಯ್ತಿದ್ದದ್ದು ನಮ್ಮ ಮಾವ,” ಎಂದಳು. “ಅವರನ್ನ ಕಂಡ್ರೆ ಅಕ್ಕನಿಗೆ ಯಾಕೆ ಭಯ?”

ಹೆಣಿಗೆಯಮ್ಮ ಮಡಿಲಲ್ಲಿದ್ದ ಉಂಡೆಯನ್ನು ಬಿಟ್ಟು ಚೀಲದ ತಳದಿಂದ ಇನ್ನೊಂದು ಉಲ್ಲನ್ ಉಂಡೆ ತೆಗೆದಳು. ಕಂದು ಬಣ್ಣದ್ದು, ಉಂಡೆ ಎನ್ನಲು ಸ್ವಲ್ಪ ಉದ್ದವೇ ಇತ್ತು. ಬೆರಳು ಹಾಕಿ ಎಳೆಗಳನ್ನು ಅಗಲಿಸಿದಳು. ಒಳಗಿನಿಂದ ಕಪ್ಪು ಫ್ರೇಮಿನ ಒಂದು ಹಳೇ ಕನ್ನಡಕ ಹೊರಬಂತು. ಒಂದು ಗಾಜು ಬಿರುಕು ಬಿಟ್ಟಿತ್ತು. ಎರಡೂ ಸ್ಕ್ರೂಗಳ ಮೇಲೆ, ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿದ ಚುಕ್ಕೆ.

ಪುಟ್ಟಿ ಅದನ್ನು ಮುಟ್ಟುವ ಮೊದಲೇ ಗುರುತಿಸಿದಳು. ಅಪ್ಪನ ಹೆಗಲ ಮೇಲೆ ಕೂತು ಎಷ್ಟು ಸಲ ಇದನ್ನು ಕಿತ್ತು ಓಡಿದ್ದಳು. ಕನ್ನಡಕ ಕಿತ್ತುಕೊಂಡರೆ ಅಪ್ಪ ಗೋಡೆ ಹಿಡಿದುಕೊಂಡು ನಿಂತುಬಿಡುತ್ತಿದ್ದ, ಅಷ್ಟು ಮಂದ ದೃಷ್ಟಿ.

“ನಿಮ್ಮ ಮಾವನ ಬೀರುವಿನ ಒಳ ಡ್ರಾಯರಿನಲ್ಲಿ ಇತ್ತಂತೆ,” ಎಂದಳು ಹೆಣಿಗೆಯಮ್ಮ. “ಹಳೇ ಬಟ್ಟೇಲಿ ಸುತ್ತಿ ಇಟ್ಟಿದ್ರಂತೆ. ಇದು ಇಲ್ಲದೆ ಅಪ್ಪ ಬೀದಿ ದಾಟ್ತಿರಲಿಲ್ಲ, ರೈಲು ಹೇಗೆ ಹತ್ತಿದ ಅಂತ ನಿಮ್ಮಕ್ಕ ಕೇಳಿದ್ಲು.  ಅದು ಕಾಣೆಯಾದದ್ದು ಮಾವನಿಗೆ ಗೊತ್ತಾಗಿದೆ, ಅದಕ್ಕೇ ತನಗಿಂತ ಮುಂಚೆ ಹೋಗಿ ಕಾಯ್ತಿದಾರೆ ಅಂದ್ಲು.”

ಇಷ್ಟು ವರ್ಷ ಪುಟ್ಟಿ ಅಪ್ಪನನ್ನು ದ್ವೇಷಿಸಿದ್ದಳು. ಶಾಲೆಯಲ್ಲಿ ಅಪ್ಪನ ಬಗ್ಗೆ ಕೇಳಿದರೆ ಸತ್ತಿದ್ದಾನೆ ಎನ್ನುತ್ತಿದ್ದಳು, ಸಿಟ್ಟಿಗೆ. ಆ ಮಾತು ನಿಜವಿದ್ದರೆ ಎಂಬ ಯೋಚನೆ ಬಂದದ್ದೇ ಅವಳು ಆ ಕನ್ನಡಕವನ್ನು ಕೈಗೆತ್ತಿಕೊಂಡಳು. ಅಪ್ಪ ಬಿಟ್ಟು ಹೋಗಿರಲಿಲ್ಲ. ಪ್ರಾಯಶಃ ಊರನ್ನೇ ದಾಟಿರಲಿಲ್ಲ.

“ನನಗ್ಯಾಕೆ ಹೇಳಲಿಲ್ಲ ಅಕ್ಕ?”

“ಬೇಜಾರು ಮಾಡ್ಕೋಬೇಡ. ಪುಟ್ಟಿ ಹೊಟ್ಟೇಲಿ ಮಾತು ನಿಲ್ಲಲ್ಲ, ಎಲ್ಲಾನೂ ಹೋಗಿ ಮಾವನ ಹತ್ತಿರ ಹೇಳ್ಬಿಡ್ತಾಳೆ ಅಂದ್ಲು. ನೀನಾಗಿ ಹುಡುಕ್ಕೊಂಡು ಬಂದ್ರೆ ಆ ಮಾತು ಬೇರೆ ಅಂದ್ಲು.” ಹೆಣಿಗೆಯಮ್ಮ ತಡೆದು ಕೇಳಿದಳು, “ಯಾರಿಗೂ ಹೇಳಿಲ್ಲ ತಾನೇ?”

ಪುಟ್ಟಿ ನಾಲಿಗೆ ಕಚ್ಚಿಕೊಂಡಳು. ಈಗ ಕಚ್ಚಿಕೊಂಡು ಏನು ಬಂತು.

“ಜಂಕ್ಷನ್ ಅಂತ ಹೇಳಿದೀನಿ,” ಎಂದಳು. “ಈಗ ತಾನೇ.”

ಹೆಣಿಗೆಯಮ್ಮ ಸೂಜಿಗಳನ್ನು ಚೀಲಕ್ಕೆ ತುರುಕಿದಳು. ಆದರೂ ಅವರು ಇರುವುದು ಆ ತುದಿಯಲ್ಲಿ, ಜಂಕ್ಷನ್ ಈ ಕಡೆ ಬಹಳ ದೂರ, ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸ್ ಹೋಗುವ ಗಾಡಿ ಹಿಡಿದರೆ ನಾವೇ ಮೊದಲು ಮನೆ ಸೇರುತ್ತೇವೆ ಎಂದು ಲೆಕ್ಕ ಹಾಕಿದಳು. ಪುಟ್ಟಿ ಆ ಲೆಕ್ಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹೌದು, ಮಾವ ಲಾಡ್ಜಿನಲ್ಲಿದ್ದಾನೆ. ಸಮಯ ಇದೆ.

ಫೋನ್ ಅಲುಗಿತು. ಮಾವ.

ತೆಗಿ, ಏನೂ ಆಗದ ಹಾಗೆ ಮಾತಾಡು ಎಂದು ಹೆಣಿಗೆಯಮ್ಮ ಸನ್ನೆ ಮಾಡಿದಳು. ಪುಟ್ಟಿ ಫೋನನ್ನು ಕಿವಿಗಿಟ್ಟುಕೊಂಡಳು.

“ಪುಟ್ಟೀ, ಊಟ ಆಯ್ತೇನಮ್ಮ?” ಅದೇ ಅಕ್ಕರೆಯ ದನಿ. “ಸಾಮಾನೆಲ್ಲ ಕಟ್ಟಿಟ್ಟುಕೋ. ಸ್ಟೇಷನ್ ಇನ್ನೇನು ಬಂದುಬಿಡುತ್ತೆ.”

“ಆಯ್ತು ಮಾವ. ನೀವೆಲ್ಲಿದೀರಿ?”

“ಎಲ್ಲಿರ್ತೀನಿ? ಇಲ್ಲೇ, ಲಾಡ್ಜಿನ ರೂಮಲ್ಲಿ. ಬ್ಯಾಗು ಜೋಡಿಸ್ತಿದೀನಿ, ಈಗ ಹೊರಡೋದೇ.”

ಅವನ ಮಾತಿನ ಹಿಂದೆ ಒಂದು ಸದ್ದು ಕೇಳಿತು. ಕೆಟಲಿನ ಮುಚ್ಚಳಕ್ಕೆ ಚಮಚೆಯಿಂದ ಬಡಿಯುವ ಟಣಟಣ, ಅದರ ಮೇಲೆ ಎಳೆದೆಳೆದು ಕೂಗುವ “ಬಿಸೀ… ಟೀಯೋ…”, ಕೂಗಿನ ಬಾಲಕ್ಕೆ ಒಂದು ಗೊರಗೊರ ಕೆಮ್ಮು.

ಈ ರೈಲಿನಲ್ಲಿ ಹತ್ತಿದಂದಿನಿಂದ ಪುಟ್ಟಿ ಅದನ್ನು ಕೇಳುತ್ತ ಬಂದಿದ್ದಳು. ಆ ಕೆಮ್ಮಿಗೆ ಹೆದರಿಯೇ ಎಷ್ಟೋ ಸಲ ಟೀ ಬೇಡವೆಂದಿದ್ದಳು. ಎಂಜಿನ್ ಕಡೆಯಿಂದ ಒಂದೊಂದೇ ಬೋಗಿ ದಾಟಿ ಬರುವ ಮುದುಕ ಟೀಯವನು.

“ಮಾವ,” ಎಂದಳು, “ಏನದು ಸದ್ದು?”

 ಫೋನ್ ಕಟ್ಟಾಯಿತು.

“ಏನಂದ್ರು?” ಎಂದಳು ಹೆಣಿಗೆಯಮ್ಮ.

ಪುಟ್ಟಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬೋಗಿಯ ಆ ತುದಿಯ ಬಾಗಿಲು ಸರಿಯಿತು. ಟಣಟಣ. ಬಿಸೀ… ಟೀಯೋ… ಕೆಮ್ಮು. ಒಂದೊಂದು ಪರದೆಯ ಮುಂದೆ ನಿಲ್ಲುತ್ತ, ನಿಧಾನವಾಗಿ, ಹತ್ತಿರ ಬಂತು.

“ಯಾರು ಬರ್ತಿದಾರೆ ನೋಡು,” ಎಂದು ಹೆಣಿಗೆಯಮ್ಮ ಅವಳ ತೋಳು ಹಿಡಿದಳು. “ಕನ್ನಡಕ ನಿನ್ನ ಕೈಲಿದೆ. ನನಗೆ ಏನೂ ಕಾಣಿಸ್ತಿಲ್ಲ.”

ಪುಟ್ಟಿಯ ಒಂದು ಕೈಯಲ್ಲಿ ಅವಳ ಕನ್ನಡಕ, ಇನ್ನೊಂದರಲ್ಲಿ ಅಪ್ಪನದು. ಅಪ್ಪನದನ್ನು ಉಲ್ಲನ್ನಿನೊಳಗೆ ತುರುಕುವಷ್ಟರಲ್ಲಿ ಪರದೆ ಸರಿಯಿತು.

ಟೀಯವನು ಕೂಗಲಿಲ್ಲ. ಎರಡು ಕಾಗದದ ಲೋಟಗಳನ್ನು ಜೋಪಾನವಾಗಿ ಅವರಿಬ್ಬರ ನಡುವಿನ ಪುಟ್ಟ ಮೇಜಿನ ಮೇಲಿಟ್ಟ.

“ನಾವು ಟೀ ಹೇಳಿಲ್ಲ,” ಎಂದಳು ಪುಟ್ಟಿ.

“ಪಕ್ಕದ ಬೋಗೀಲಿ ನಿಮ್ಮ ಅಟೆಂಡರ್ ಜೊತೆ ಮಾತಾಡ್ತಿದ್ರಲ್ಲ, ಆ ಯಜಮಾನರು ಕಳಿಸಿದ್ರಮ್ಮ,” ಎಂದ ಅವನು, ಕೆಮ್ಮು ತಡೆದುಕೊಂಡು. “ಒಂದು ಪುಟ್ಟಿಗಂತೆ. ಇನ್ನೊಂದು ಬೂದು ಶಾಲಿನವರಿಗಂತೆ.”